ತೆರೆಯ ಮೇಲೆ ತ್ರಿಭುಜ, ನೋಟ್‌ಬುಕ್ಕಿನಲ್ಲಿ ಸಾಧನೆ

ಹೈಸ್ಕೂಲಿಗೆ ಹೋಗುವ ಮಕ್ಕಳಿರುವ ಮನೆಗಳಲ್ಲಿ ಎರಡು ದೂರುಗಳು ಸಾಮಾನ್ಯ. ಒಂದು, ‘ಲೆಕ್ಕ ತಲೆಗೆ ಹತ್ತುತ್ತಿಲ್ಲ’. ಇನ್ನೊಂದು, ‘ಮೊಬೈಲು ಕೈಬಿಡುತ್ತಿಲ್ಲ’. ಶಿವಮೊಗ್ಗದ ವಿನೋಬನಗರವಿರಲಿ, ಗೋಪಾಳವಿರಲಿ, ಭದ್ರಾವತಿಯ ನ್ಯೂಟೌನ್, ಜನ್ನಾಪುರಗಳಿರಲಿ, ಈ ಎರಡು ದೂರುಗಳಿಂದ ಪಾರಾದ ಮನೆ ಅಪರೂಪ. ಎರಡನೆಯ ದೂರನ್ನೇ ಮೊದಲನೆಯದಕ್ಕೆ ಮದ್ದಾಗಿ ಬಳಸಲು ಸಾಧ್ಯವೆ? ಗಣಕ, ಮೊಬೈಲು, ಟ್ಯಾಬ್‌ಗಳು ಗಣಿತ ಕಲಿಕೆಗೆ ನಿಜವಾಗಿ ನೆರವಾಗಬಲ್ಲವೆ?

ಆಗಬಲ್ಲವು. ಆದರೆ ಒಂದು ಷರತ್ತಿದೆ. ತೆರೆಯು ಮಗುವಿಗೆ ಪ್ರಶ್ನೆಯನ್ನು ಹುಟ್ಟಿಸಬೇಕು. ಅದು ಉತ್ತರವನ್ನಷ್ಟೇ ಕೊಡತೊಡಗಿದರೆ ಲಾಭಕ್ಕಿಂತ ನಷ್ಟವೇ ಹೆಚ್ಚು. ಇವೆರಡರ ನಡುವಿನ ವ್ಯತ್ಯಾಸವನ್ನು ಪಾಲಕರೂ ವಿದ್ಯಾರ್ಥಿಗಳೂ ಗುರುತಿಸಬಲ್ಲವರಾದರೆ ದುಬಾರಿ ಶುಲ್ಕ ತೆರುವ ಅಗತ್ಯವೂ ಬೀಳದು, ಮೊಬೈಲನ್ನು ಬೀರುವಿನಲ್ಲಿಟ್ಟು ಬೀಗ ಹಾಕುವ ಪ್ರಸಂಗವೂ ಬಾರದು.

ಫಲಿತಾಂಶ ಮತ್ತು ತಿಳಿವಳಿಕೆ

ಪರೀಕ್ಷೆಯ ಅಂಕಿ ಅಂಶಗಳನ್ನು ನೋಡಿದರೆ ನಮ್ಮ ಜಿಲ್ಲೆ ಹಿಂದುಳಿದಿಲ್ಲ. 2024ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಶಿವಮೊಗ್ಗ ಜಿಲ್ಲೆ ಶೇ 88.67ರೊಂದಿಗೆ ಉಡುಪಿ, ದಕ್ಷಿಣ ಕನ್ನಡಗಳ ನಂತರ ರಾಜ್ಯದಲ್ಲಿ ಮೂರನೆಯ ಸ್ಥಾನ ಪಡೆದಿತ್ತು. 2025ರಲ್ಲಿ ರಾಜ್ಯದ ಒಟ್ಟು ಫಲಿತಾಂಶ ಶೇ 66.14ಕ್ಕೆ ಇಳಿದಾಗಲೂ ಜಿಲ್ಲೆ ನಾಲ್ಕನೆಯ ಸ್ಥಾನದಲ್ಲಿ ನಿಂತಿತು. ಇದು ಹೆಮ್ಮೆಯ ವಿಷಯವೇ. ಆದರೆ ತೇರ್ಗಡೆಯಾಗುವುದೇ ಒಂದು, ತಿಳಿಯುವುದೇ ಇನ್ನೊಂದು.

ಹತ್ತನೆಯ ತರಗತಿಯ ಥೇಲ್ಸನ ಪ್ರಮೇಯವನ್ನೇ ನೋಡಿ. ದತ್ತ, ಸಾಧನೀಯ, ರಚನೆ, ಸಾಧನೆ ಎಂದು ನಾಲ್ಕೂ ಹಂತಗಳನ್ನು ಮಕ್ಕಳು ಮಗ್ಗಿಯಂತೆ ಒಪ್ಪಿಸುತ್ತಾರೆ. ಪ್ರಶ್ನೆಪತ್ರಿಕೆಯಲ್ಲಿ ‘ಎಬಿಸಿ’ ತ್ರಿಭುಜದ ಬದಲು ‘ಪಿಕ್ಯೂಆರ್’ ತ್ರಿಭುಜ ಕೊಟ್ಟರೆ, ಅಥವಾ ಚಿತ್ರವನ್ನು ಕೊಂಚ ವಾಲಿಸಿ ಬರೆದರೆ, ಅದೇ ಮಕ್ಕಳಲ್ಲಿ ಅನೇಕರು ತಡವರಿಸುತ್ತಾರೆ. ಅವರು ಕಲಿತದ್ದು ಪ್ರಮೇಯವನ್ನಲ್ಲ, ಒಂದು ಚಿತ್ರವನ್ನು. ಆ ಚಿತ್ರವೋ ಕಪ್ಪುಹಲಗೆಯ ಮೇಲೆ ಮೇಷ್ಟ್ರು ಒಮ್ಮೆ ಬರೆದ, ಅಲುಗಾಡದ ಚಿತ್ರ.

ಹತ್ತನೆಯ ತರಗತಿಯ ನಂತರ ಪಿಯುಸಿ ವಿಜ್ಞಾನ, ಡಿಪ್ಲೊಮಾ, ಐಟಿಐ ಯಾವುದಕ್ಕೆ ಸೇರಿದರೂ ಗಣಿತ ಬೆನ್ನು ಬಿಡುವುದಿಲ್ಲ. ಭದ್ರಾವತಿಯ ಪಾಲಕರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಂದು ಕಾಲಕ್ಕೆ ಆ ಊರಿನ ಮಕ್ಕಳಿಗೆ ಉಕ್ಕಿನ ಕಾರ್ಖಾನೆ, ಇಲ್ಲವೆ ಕಾಗದದ ಕಾರ್ಖಾನೆ ಎಂಬ ಭರವಸೆಯಿತ್ತು. ಇಂದು ಕಾಗದದ ಕಾರ್ಖಾನೆ ನಿಂತಿದೆ, ಉಕ್ಕಿನ ಕಾರ್ಖಾನೆ ಹಳೆಯ ವೈಭವದಲ್ಲಿಲ್ಲ. ಮಕ್ಕಳ ಓದಿನ ಮೇಲೆಯೇ ಮನೆಯ ಕಣ್ಣು ನೆಟ್ಟಿದೆ.

ಗಣಕ ಶಾಲೆಗೆ ಬಂದ ಬಗೆ

ಶಾಲೆಗೆ ಗಣಕ ಬಂದದ್ದು ಇಂದು ನಿನ್ನೆಯಲ್ಲ. 1984-85ರಲ್ಲೇ ಕೇಂದ್ರ ಸರಕಾರ ‘ಕ್ಲಾಸ್’ ಎಂಬ ಯೋಜನೆಯಡಿ ದೇಶದ ಆಯ್ದ ಶಾಲೆಗಳಿಗೆ ಬ್ರಿಟನ್ನಿನ ಬಿಬಿಸಿ ಮೈಕ್ರೋ ಗಣಕಗಳನ್ನು ಕೊಟ್ಟಿತ್ತು. 2001ರ ಸುಮಾರಿಗೆ ಕರ್ನಾಟಕ ಸರಕಾರ ‘ಮಾಹಿತಿ ಸಿಂಧು’ ಯೋಜನೆಯ ಮೂಲಕ ಸರಕಾರಿ ಪ್ರೌಢಶಾಲೆಗಳಿಗೆ ಗಣಕಗಳನ್ನು ತಂದಿತು. 2004ರ ಡಿಸೆಂಬರಿನಲ್ಲಿ ಕೇಂದ್ರದ ‘ಐಸಿಟಿ ಅಟ್ ಸ್ಕೂಲ್ಸ್’ ಯೋಜನೆ ಆರಂಭವಾಯಿತು. ಆದರೆ ಈ ಯೋಜನೆಗಳ ಕಾಲದಲ್ಲಿ ಗಣಕವೆಂದರೆ ಬೇರೆಯೇ ಒಂದು ವಿಷಯವೆಂಬ ಭಾವನೆ ಬಲವಾಗಿತ್ತು. ಗಣಕದ ಮೇಷ್ಟ್ರು ಬೇರೆ, ಲೆಕ್ಕದ ಮೇಷ್ಟ್ರು ಬೇರೆ. ಮಕ್ಕಳು ಟೈಪು ಮಾಡುವುದನ್ನೂ ಬಣ್ಣ ಹಚ್ಚುವುದನ್ನೂ ಕಲಿತರೇ ಹೊರತು ಗಣಕವನ್ನು ಗಣಿತದ ಪಾಠಕ್ಕೆ ಹಚ್ಚಲಿಲ್ಲ.

ಈ ಗೋಡೆಯನ್ನು ಒಡೆಯುವ ಪ್ರಯತ್ನ ನಮ್ಮ ರಾಜ್ಯದಲ್ಲಿ ನಡೆದದ್ದು 2011ರಿಂದ. ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯು ಬೆಂಗಳೂರಿನ ‘ಐಟಿ ಫಾರ್ ಚೇಂಜ್’ ಸಂಸ್ಥೆಯೊಡನೆ ಕೂಡಿ ‘ವಿಷಯ ಶಿಕ್ಷಕರ ವೇದಿಕೆ’ ಎಂಬ ಕಾರ್ಯಕ್ರಮವನ್ನು ಕೈಗೆತ್ತಿಕೊಂಡಿತು. ಸರಕಾರಿ ಪ್ರೌಢಶಾಲೆಗಳ ಗಣಿತ, ವಿಜ್ಞಾನ, ಸಮಾಜ ವಿಜ್ಞಾನದ ಶಿಕ್ಷಕರೇ ಗಣಕದ ಮುಂದೆ ಕುಳಿತು, ತಮ್ಮ ಪಾಠಕ್ಕೆ ಬೇಕಾದ ಸಾಮಗ್ರಿಯನ್ನು ತಾವೇ ಸಿದ್ಧಪಡಿಸುವುದು ಇದರ ತಿರುಳು. ಬಳಸಿದ ತಂತ್ರಾಂಶಗಳು ಉಚಿತವಾದವು, ಯಾರು ಬೇಕಾದರೂ ನಕಲು ಮಾಡಿಕೊಳ್ಳಬಹುದಾದವು. 2013ರಲ್ಲಿ ಈ ಸಾಮಗ್ರಿಯನ್ನೆಲ್ಲ ಕಲೆಹಾಕುವ ‘ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು’ ಎಂಬ ತಾಣವೂ ಆರಂಭವಾಯಿತು. ಕನ್ನಡ ಮಾಧ್ಯಮದ ಶಿಕ್ಷಕರಿಗೆ ಕನ್ನಡದಲ್ಲೇ ಸಾಮಗ್ರಿ ಸಿಗತೊಡಗಿದ್ದು ಇದರ ದೊಡ್ಡ ಲಾಭ. 2016-17ರಿಂದ ‘ತಂತ್ರಜ್ಞಾನ ನೆರವಿನ ಕಲಿಕಾ ಕಾರ್ಯಕ್ರಮ’ದಡಿ ಶಿಕ್ಷಕರ ತರಬೇತಿ ಇನ್ನಷ್ಟು ವಿಸ್ತಾರವಾಯಿತು.

2020ರ ಕೊರೊನಾ ಕಾಲದಲ್ಲಿ ಪರಿಸ್ಥಿತಿ ತಲೆಕೆಳಗಾಯಿತು. ಶಾಲೆ ಮುಚ್ಚಿತು, ಆ ವರ್ಷದ ಜುಲೈನಲ್ಲಿ ದೂರದರ್ಶನದ ಚಂದನ ವಾಹಿನಿಯಲ್ಲಿ 8, 9, 10ನೆಯ ತರಗತಿಗಳಿಗೆ ‘ಸಂವೇದ’ ಪಾಠಗಳು ಆರಂಭವಾದವು. ‘ಫೋನು ಮುಟ್ಟಬೇಡ’ ಎನ್ನುತ್ತಿದ್ದ ಪಾಲಕರೇ ಸಾಲ ಮಾಡಿ ಫೋನು ಕೊಡಿಸಿದರು. ಶಾಲೆ ತೆರೆದ ಮೇಲೂ ಫೋನು ಮಕ್ಕಳ ಕೈಯಲ್ಲೇ ಉಳಿಯಿತು. ಅದರಿಂದ ಏನು ಮಾಡಬಹುದೆಂಬುದನ್ನು ಮಾತ್ರ ಯಾರೂ ಹೇಳಿಕೊಡಲಿಲ್ಲ.

ಕಾಗದ ಮಾಡಲಾರದ ಕೆಲಸ

ಗಣಿತದಲ್ಲಿ ತೆರೆಯ ನಿಜವಾದ ಉಪಯೋಗವೇನು? ಒಂದೇ ಮಾತಿನಲ್ಲಿ ಹೇಳುವುದಾದರೆ, ಅದು ಚಿತ್ರವನ್ನು ಚಲಿಸುವಂತೆ ಮಾಡುತ್ತದೆ.

ಇದಕ್ಕೆ ಹೆಸರಾದ ತಂತ್ರಾಂಶ ‘ಜಿಯೋಜೀಬ್ರಾ’. ಆಸ್ಟ್ರಿಯಾ ದೇಶದ ಸಾಲ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಮಾರ್ಕುಸ್ ಹೋಹೆನ್‌ವಾರ್ಟರ್ ಎಂಬ ವಿದ್ಯಾರ್ಥಿ 2001ರಲ್ಲಿ ತನ್ನ ಸ್ನಾತಕೋತ್ತರ ಪದವಿಯ ಕೆಲಸವಾಗಿ ಇದನ್ನು ಆರಂಭಿಸಿದ. ಜಿಯೋಮೆಟ್ರಿ ಮತ್ತು ಆಲ್ಜೀಬ್ರಾ, ಅಂದರೆ ರೇಖಾಗಣಿತ ಮತ್ತು ಬೀಜಗಣಿತ, ಈ ಎರಡೂ ಸೇರಿ ಆದ ಹೆಸರಿದು. ವಿದ್ಯಾರ್ಥಿಗಳಿಗೆ ಉಚಿತ. ಸಾಧಾರಣ ಮೊಬೈಲಿನಲ್ಲೂ ನಡೆಯುತ್ತದೆ. ಒಮ್ಮೆ ಇಳಿಸಿಕೊಂಡರೆ ಇಂಟರ್‌ನೆಟ್ ಇಲ್ಲದೆಯೂ ಕೆಲಸ ಮಾಡುತ್ತದೆ.

ಒಂಬತ್ತನೆಯ ತರಗತಿಯ ವೃತ್ತದ ಪಾಠವನ್ನು ಇದರಲ್ಲಿ ಮಾಡಿ ನೋಡೋಣ. ಒಂದು ವೃತ್ತ ಬರೆಯಿರಿ. ಅದರ ಒಂದು ಕಂಸವು ಕೇಂದ್ರದಲ್ಲಿ 100 ಡಿಗ್ರಿ ಕೋನ ಉಂಟುಮಾಡಲಿ. ಕಂಸದ ಎರಡು ತುದಿಗಳನ್ನೂ ಪರಿಧಿಯ ಮೇಲೆ ಎದುರುಗಡೆಯಿರುವ ಒಂದು ಬಿಂದುವಿಗೆ ಸೇರಿಸಿ. ಅಲ್ಲಿನ ಕೋನ 50 ಡಿಗ್ರಿ. ಈಗ ಆ ಬಿಂದುವನ್ನು ಬೆರಳಿನಿಂದ ಹಿಡಿದು ಪರಿಧಿಯ ಮೇಲೆ ಎಳೆಯಿರಿ. ಚಿತ್ರ ವಾಲುತ್ತದೆ, ಗೆರೆಗಳು ಉದ್ದವಾಗುತ್ತವೆ, ಗಿಡ್ಡವಾಗುತ್ತವೆ. ಕೋನ ಮಾತ್ರ 50 ಡಿಗ್ರಿಯನ್ನು ಬಿಟ್ಟು ಕದಲುವುದಿಲ್ಲ! ಎಳೆಯುತ್ತ ಹೋಗಿ ಬಿಂದುವು ಕಂಸದ ತುದಿಯನ್ನು ದಾಟಿ ಆ ಕಂಸದ ಮೇಲೆಯೇ ಬಂದೊಡನೆ ಕೋನ ತಟಕ್ಕನೆ 130 ಡಿಗ್ರಿ ಆಗುತ್ತದೆ. ಏಕೆ? ಮಗು ಈ ‘ಏಕೆ’ಯನ್ನು ತಾನಾಗಿ ಕೇಳಿದ ಕ್ಷಣದಲ್ಲಿ ಪಾಠ ಆರಂಭವಾಯಿತೆಂದು ತಿಳಿಯಬೇಕು. ಕಪ್ಪುಹಲಗೆಯ ಮೇಲೆ ಇದನ್ನು ತೋರಿಸಲು ಹತ್ತಾರು ಚಿತ್ರ ಬರೆಯಬೇಕಿತ್ತು, 40 ನಿಮಿಷದ ಪೀರಿಯಡ್ಡಿನಲ್ಲಿ ಅದಕ್ಕೆ ಸಮಯವೆಲ್ಲಿ?

ಇನ್ನೊಂದು ಉದಾಹರಣೆ ಹತ್ತನೆಯ ತರಗತಿಯ ವರ್ಗಸಮೀಕರಣದ್ದು. ಎಕ್ಸ್‌ನ ವರ್ಗದಿಂದ ನಾಲ್ಕು ಎಕ್ಸ್ ಕಳೆದು, ಅದಕ್ಕೆ ‘ಸಿ’ ಎಂಬ ಸಂಖ್ಯೆಯನ್ನು ಕೂಡಿಸಿ. ಇದರ ನಕ್ಷೆ ಬಟ್ಟಲಿನ ಆಕಾರದ ಪರವಲಯ. ‘ಸಿ’ಯ ಬೆಲೆಯನ್ನು ಬದಲಿಸುವ ಸ್ಲೈಡರ್ ಒಂದನ್ನು ಇಟ್ಟುಕೊಂಡು ಮೆಲ್ಲಗೆ ಸರಿಸಿ. ಸಿ 3 ಆದಾಗ ಬಟ್ಟಲು ಅಡ್ಡಗೆರೆಯನ್ನು 1 ಮತ್ತು 3ರಲ್ಲಿ ಕತ್ತರಿಸುತ್ತದೆ. ಎರಡು ಮೂಲಗಳು. ಸಿ 4 ಆದಾಗ ಬಟ್ಟಲಿನ ತಳ ಗೆರೆಯನ್ನು 2ರಲ್ಲಿ ಮುಟ್ಟಿ ನಿಲ್ಲುತ್ತದೆ. ಎರಡೂ ಮೂಲಗಳು ಸಮ. ಸಿ 5 ಆದರೆ ಬಟ್ಟಲು ಗೆರೆಯನ್ನು ಬಿಟ್ಟು ಮೇಲೆದ್ದಿರುತ್ತದೆ. ವಾಸ್ತವ ಮೂಲಗಳೇ ಇಲ್ಲ. ‘ಶೋಧಕ ಸೊನ್ನೆಗಿಂತ ಹೆಚ್ಚಿದ್ದರೆ, ಸೊನ್ನೆಯಾದರೆ, ಕಡಿಮೆಯಾದರೆ’ ಎಂದು ಬಾಯಿಪಾಠ ಮಾಡಿದ ಮೂರು ಸಾಲು ಕಣ್ಣೆದುರು ನಡೆದುಹೋಗುತ್ತದೆ.

ನಮ್ಮೂರಿನ ಲೆಕ್ಕಗಳು

ತೆರೆಯ ಮೇಲಿನ ಲೆಕ್ಕ ನಮ್ಮೂರಿನದೇ ಆದರೆ ಇನ್ನೂ ಸೊಗಸು. ಶಿವಮೊಗ್ಗಕ್ಕೂ ಭದ್ರಾವತಿಗೂ ಸುಮಾರು 20 ಕಿಲೋಮೀಟರ್. ಶಿವಮೊಗ್ಗದಿಂದ ಒಂದು ಬಸ್ಸು ಗಂಟೆಗೆ 30 ಕಿ.ಮೀ. ವೇಗದಲ್ಲಿಯೂ, ಅದೇ ಹೊತ್ತಿಗೆ ಭದ್ರಾವತಿಯಿಂದ ಒಂದು ಆಟೋ 20 ಕಿ.ಮೀ. ವೇಗದಲ್ಲಿಯೂ ಹೊರಟರೆ ಎಲ್ಲಿ ಸಂಧಿಸುತ್ತವೆ? ಅಡ್ಡಗೆರೆಯಲ್ಲಿ ಸಮಯ, ಉದ್ದಗೆರೆಯಲ್ಲಿ ಶಿವಮೊಗ್ಗದಿಂದ ದೂರ ಎಂದಿಟ್ಟುಕೊಂಡರೆ ಬಸ್ಸಿನದು ಏರುವ ಗೆರೆ, ಆಟೋದ್ದು ಇಳಿಯುವ ಗೆರೆ. ಎರಡೂ ಕೂಡುವುದು 24ನೆಯ ನಿಮಿಷಕ್ಕೆ, ಶಿವಮೊಗ್ಗದಿಂದ 12 ಕಿ.ಮೀ. ದೂರದಲ್ಲಿ. ಬಸ್ಸು 10 ನಿಮಿಷ ತಡವಾಗಿ ಹೊರಟರೆ? ಗೆರೆಯನ್ನು ಸರಿಸಿ ನೋಡಬಹುದು.

ಭದ್ರಾವತಿಯ ಹಳೇನಗರದ ಲಕ್ಷ್ಮೀನರಸಿಂಹ ದೇವಾಲಯ ಹೊಯ್ಸಳರ ಕಾಲದ್ದು. ಹೊಯ್ಸಳ ಶಿಲ್ಪಿಗಳಿಗೆ ಪ್ರಿಯವಾಗಿದ್ದ ನಕ್ಷತ್ರಾಕಾರದ ತಳವಿನ್ಯಾಸ ಹೇಗೆ ಹುಟ್ಟುತ್ತದೆ ಗೊತ್ತೆ? ಒಂದು ಚೌಕವನ್ನು ಅದರ ಕೇಂದ್ರದ ಸುತ್ತ 22.5 ಡಿಗ್ರಿಯಂತೆ ಮೂರು ಸಲ ತಿರುಗಿಸಿ, ನಾಲ್ಕೂ ಚೌಕಗಳನ್ನು ಒಂದರ ಮೇಲೊಂದು ಇಡಿ. 16 ಮೂಲೆಗಳ ನಕ್ಷತ್ರ ಸಿದ್ಧ. ಎಂಟನೆಯ ತರಗತಿಯ ಮಗುವೂ ಇದನ್ನು ತೆರೆಯ ಮೇಲೆ ಮಾಡೀತು.

ಬಡ್ಡಿಯ ಲೆಕ್ಕಕ್ಕೆ ಜಿಯೋಜೀಬ್ರಾ ಬೇಡ, ಗಣಕದ ಕೋಷ್ಟಕ ತಂತ್ರಾಂಶ ಸಾಕು. 10,000 ರೂಪಾಯಿ ಸಾಲಕ್ಕೆ ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿ ಎಂದಿಟ್ಟುಕೊಳ್ಳಿ. ಸರಳ ಬಡ್ಡಿಯಾದರೆ ವರ್ಷದ ಕೊನೆಗೆ 12,400 ರೂಪಾಯಿ. ಪ್ರತಿ ತಿಂಗಳೂ ಬಡ್ಡಿ ಅಸಲಿಗೆ ಸೇರುತ್ತ ಹೋದರೆ 12,682 ರೂಪಾಯಿ. ಎರಡು, ಮೂರು, ಐದು ವರ್ಷಕ್ಕೆ ಈ ಅಂತರ ಹೇಗೆ ಬೆಳೆಯುತ್ತದೆಂದು ಕೋಷ್ಟಕವನ್ನು ಕೆಳಗೆ ಎಳೆದು ನೋಡಿದ ಮಗು, ನಾಳೆ ಯಾವ ಸಾಲದ ಕಾಗದಕ್ಕೂ ಕಣ್ಣುಮುಚ್ಚಿ ಸಹಿ ಹಾಕುವುದಿಲ್ಲ.

ತೆರೆ ಹೇಳುವ ಸುಳ್ಳು

ಹಾಗೆಂದು ತೆರೆಯ ಮೇಲೆ ಕಂಡದ್ದೆಲ್ಲ ಸತ್ಯವಲ್ಲ. ಇದನ್ನು ಮಕ್ಕಳಿಗೆ ಮನಗಾಣಿಸಲು ಒಂದು ಸುಲಭ ಪ್ರಯೋಗವಿದೆ. ಮೊದಲ ಸಮೀಕರಣ: ಎಕ್ಸ್ ಮತ್ತು ವೈ ಕೂಡಿದರೆ 10. ಎರಡನೆಯದು: 1.01 ಎಕ್ಸ್ ಮತ್ತು ವೈ ಕೂಡಿದರೆ 10.5. ಎರಡರ ನಕ್ಷೆಯನ್ನೂ ಬರೆಯಿಸಿದರೆ ಮೊಬೈಲಿನ ತೆರೆಯಲ್ಲಿ ಪಕ್ಕಪಕ್ಕದ ಎರಡು ಸಮಾಂತರ ಗೆರೆಗಳಂತೆ ಕಾಣುತ್ತವೆ. ‘ಪರಿಹಾರವಿಲ್ಲ’ ಎಂದು ಮಗು ಬರೆದುಬಿಟ್ಟೀತು! ಆದರೆ ಒಂದನ್ನೊಂದು ಕಳೆದರೆ ಎಕ್ಸ್ 50, ವೈ ಋಣ 40 ಎಂದು ಎರಡೇ ಸಾಲಿನಲ್ಲಿ ಉತ್ತರ ಬರುತ್ತದೆ. ಗೆರೆಗಳು ಕೂಡುತ್ತವೆ, ತೆರೆಯ ಚೌಕಟ್ಟಿನ ಆಚೆ. ಕಣ್ಣು ಮೋಸಹೋದಲ್ಲಿ ಬೀಜಗಣಿತ ಕಾಯುತ್ತದೆ.

ಪ್ರಮೇಯಗಳ ವಿಷಯವೂ ಹೀಗೆಯೇ. ನೂರು ತ್ರಿಭುಜಗಳನ್ನು ಎಳೆದಾಡಿ ಮೂರು ಕೋನಗಳ ಮೊತ್ತ 180 ಡಿಗ್ರಿ ಬಂದದ್ದನ್ನು ಕಂಡರೆ ಅದು ನಂಬಿಕೆ, ಸಾಧನೆಯಲ್ಲ. ನೂರಾ ಒಂದನೆಯ ತ್ರಿಭುಜಕ್ಕೂ ಅದು ನಿಜವೇ ಆಗಬೇಕು ಏಕೆಂಬುದನ್ನು ಕಾಗದದ ಮೇಲೆ, ಒಂದೊಂದೇ ಹೆಜ್ಜೆಯಾಗಿ, ಕಾರಣ ಸಹಿತ ಬರೆಯಬೇಕು. ಎಸ್ಸೆಸ್ಸೆಲ್ಸಿ ಗಣಿತದಲ್ಲಿ 80 ಅಂಕ ಲಿಖಿತ ಪರೀಕ್ಷೆಗೇ ಮೀಸಲು. ಆ ಮೂರು ಗಂಟೆಯಲ್ಲಿ ಜೊತೆಗಿರುವುದು ಪೆನ್ನು ಮತ್ತು ಕಾಗದ. 1936ರಲ್ಲಿ ಸ್ಥಾಪನೆಯಾಗಿ ದಶಕಗಳ ಕಾಲ ನಾಡಿಗೆ ಬರೆಯುವ ಕಾಗದ ಕೊಟ್ಟ ಭದ್ರಾವತಿಯ ಕಾರ್ಖಾನೆ ನಿಂತಿರಬಹುದು, ಗಣಿತದಲ್ಲಿ ಕಾಗದದ ಕೆಲಸ ನಿಂತಿಲ್ಲ.

ಉತ್ತರ ಕೊಡುವ ಯಂತ್ರಗಳು

ಇನ್ನು ಪಾಲಕರು ಎಚ್ಚರ ವಹಿಸಬೇಕಾದ ಜಾಗ. ಪುಸ್ತಕದ ಲೆಕ್ಕದ ಫೋಟೋ ತೆಗೆದರೆ ಸಾಕು, ಹಂತಹಂತವಾಗಿ ಬಿಡಿಸಿಕೊಡುವ ‘ಫೋಟೋಮ್ಯಾಥ್’ನಂಥ ಆ್ಯಪ್‌ಗಳು ಬಂದು ಹತ್ತು ವರ್ಷ ದಾಟಿದೆ. 2022ರ ನವೆಂಬರಿನಲ್ಲಿ ‘ಚಾಟ್‌ಜಿಪಿಟಿ’ ಬಂದ ಮೇಲಂತೂ ಕನ್ನಡದಲ್ಲೇ ಕೇಳಿದರೂ ಉತ್ತರ ಕೊಡುವ ಯಂತ್ರಬುದ್ಧಿ ಮಕ್ಕಳ ಅಂಗೈಗೆ ಬಂದಿದೆ. ಮನೆಗೆಲಸ ಐದು ನಿಮಿಷದಲ್ಲಿ ಮುಗಿಯುತ್ತದೆ, ಅಕ್ಷರ ಮುತ್ತಿನಂತಿರುತ್ತದೆ, ಉತ್ತರವೂ ಸಾಮಾನ್ಯವಾಗಿ ಸರಿಯಿರುತ್ತದೆ. ಮಗುವಿನ ತಲೆಯಲ್ಲಿ ಮಾತ್ರ ಏನೂ ಉಳಿದಿರುವುದಿಲ್ಲ. ಈ ಯಂತ್ರಗಳು ಕೆಲವೊಮ್ಮೆ ತಪ್ಪು ಉತ್ತರವನ್ನೂ ಅಷ್ಟೇ ಧೈರ್ಯದಿಂದ ಹೇಳುತ್ತವೆ. ಲೆಕ್ಕ ಬಲ್ಲವರಿಗೆ ಅದು ಗೊತ್ತಾಗುತ್ತದೆ, ಕಲಿಯುತ್ತಿರುವವರಿಗೆ ಗೊತ್ತಾಗುವುದಿಲ್ಲ.

ಹಾಗಾದರೆ ಇವನ್ನು ಮುಟ್ಟಲೇಬಾರದೆ? ಮುಟ್ಟಬಹುದು, ಸರದಿ ತಪ್ಪಬಾರದು. ಮೊದಲು ಲೆಕ್ಕವನ್ನು ನೋಟ್‌ಬುಕ್ಕಿನಲ್ಲಿ ತಾನೇ ಮಾಡಬೇಕು. ತಪ್ಪಾದರೂ ಸರಿ, ಅರ್ಧಕ್ಕೆ ನಿಂತರೂ ಸರಿ. ಆಮೇಲೆ ಯಂತ್ರದ ಹೆಜ್ಜೆಗಳೊಡನೆ ಹೋಲಿಸಿ, ತನ್ನದು ಎಲ್ಲಿ ದಾರಿ ತಪ್ಪಿತೆಂದು ಗುರುತು ಹಾಕಬೇಕು. ‘ಉತ್ತರ ಹೇಳು’ ಎನ್ನುವ ಬದಲು ‘ನನ್ನ ಮೂರನೆಯ ಸಾಲಿನಲ್ಲಿ ತಪ್ಪೇನಿದೆ?’ ಎಂದು ಕೇಳಬೇಕು. ಅದೇ ಯಂತ್ರ ಆಗ ಮೇಷ್ಟ್ರ ಕೆಲಸ ಮಾಡೀತು.

ಹಣದ ಮಾತೂ ಇದೆ. ಸಾವಿರಾರು ರೂಪಾಯಿಯ ಚಂದಾ ಕಟ್ಟಿಸಿಕೊಳ್ಳುವ ಪಾಠದ ಆ್ಯಪ್‌ಗಳ ಮಾರಾಟಗಾರರು ಮನೆಬಾಗಿಲಿಗೇ ಬರುತ್ತಿದ್ದ ಕಾಲವೊಂದಿತ್ತು. ಅಂಥ ಕಂಪನಿಗಳಲ್ಲೇ ಅತಿ ದೊಡ್ಡದೆನಿಸಿದ್ದ ಬೆಂಗಳೂರಿನ ಬೈಜೂಸ್ 2024ರ ಜುಲೈನಲ್ಲಿ ದಿವಾಳಿ ಪ್ರಕ್ರಿಯೆಗೆ ಒಳಪಟ್ಟಿತು. ಮುಂಗಡ ಹಣ ಕಟ್ಟುವ ಮುನ್ನ ಇದನ್ನು ನೆನಪಿಡುವುದು ಒಳ್ಳೆಯದು. ಹೈಸ್ಕೂಲು ಗಣಿತಕ್ಕೆ ನಿಜವಾಗಿ ಬೇಕಾದ ಸಾಧನಗಳು ಉಚಿತವಾಗಿಯೇ ಸಿಗುತ್ತವೆ. ಕೇಂದ್ರ ಸರಕಾರವು 2017ರ ಸೆಪ್ಟೆಂಬರಿನಲ್ಲಿ ಆರಂಭಿಸಿದ ‘ದೀಕ್ಷಾ’ ಕೂಡ ಉಚಿತವೇ.

ಶಾಲೆಯಲ್ಲಿ ಒಂದು ತೆರೆ ಸಾಕು

‘ನಮ್ಮ ಶಾಲೆಯಲ್ಲಿ ಮಗುವಿಗೊಂದು ಗಣಕವಿಲ್ಲ’ ಎಂಬುದು ಎಲ್ಲೆಡೆ ಕೇಳುವ ಮಾತು. ನಿಜವೇ. ಯಂತ್ರ ಕೆಡುತ್ತದೆ, ಕರೆಂಟು ಹೋಗುತ್ತದೆ, ಮಲೆನಾಡಿನ ಮಳೆಗಾಲದಲ್ಲಂತೂ ಕೇಳುವುದೇ ಬೇಡ. ಆದರೆ ಗಣಿತಕ್ಕೆ ಒಂದು ಗಣಕ, ಒಂದು ಪ್ರೊಜೆಕ್ಟರ್ ಇದ್ದರೂ ಬೇಕಾದಷ್ಟಾಯಿತು. ಕ್ರಮವೊಂದು ಇರಬೇಕು: ಮೊದಲು ಊಹೆ, ನಂತರ ನೋಟ, ಕೊನೆಗೆ ಕಾರಣ. ಬಿಂದುವನ್ನು ಎಳೆಯುವ ಮುನ್ನ ‘ಕೋನ ಹೆಚ್ಚುತ್ತದೆಯೋ ಕಡಿಮೆಯಾಗುತ್ತದೆಯೋ?’ ಎಂದು ಕೇಳಿ, ಪ್ರತಿಯೊಬ್ಬರೂ ನೋಟ್‌ಬುಕ್ಕಿನಲ್ಲಿ ಊಹೆ ಬರೆದ ಮೇಲಷ್ಟೇ ಎಳೆಯಬೇಕು. ಊಹೆ ತಪ್ಪಿದ ಮಗು ಕಣ್ಣರಳಿಸಿ ನೋಡುತ್ತದೆ. ಊಹೆಯಿಲ್ಲದೆ ನೋಡಿದ ಪಾಠ ಸಿನಿಮಾ ನೋಡಿದಂತೆ, ದೀಪ ಹಾಕಿದೊಡನೆ ಮರೆತುಹೋಗುತ್ತದೆ.

ಪಾಲಕರು ಮಾಡಬಹುದಾದದ್ದು

ಮಕ್ಕಳ ಗಣಿತಕ್ಕೆ ನೆರವಾಗಲು ಪಾಲಕರು ಗಣಿತ ಬಲ್ಲವರಾಗಿರಬೇಕಿಲ್ಲ. ಏಳನೆಯ ತರಗತಿಗೇ ಶಾಲೆ ಬಿಟ್ಟ ತಾಯಿಯೂ ಮೂರು ಪ್ರಶ್ನೆ ಕೇಳಬಲ್ಲಳು: ‘ಏನು ಬದಲಾಯಿಸಿದೆ? ಏನು ಬದಲಾಗಲಿಲ್ಲ? ಏಕೆ?’ ಇವಕ್ಕೆ ಮಗು ತನ್ನ ಮಾತಿನಲ್ಲಿ ಉತ್ತರ ಹೇಳಿದರೆ ಫೋನು ಹಿಡಿದದ್ದು ಸಾರ್ಥಕ. ‘ಅದೇ ತೋರಿಸಿತು’ ಎಂದರೆ ಫೋನು ಕೆಳಗಿಡಿಸುವ ಸಮಯ ಬಂತೆಂದರ್ಥ.

ದಿನಕ್ಕೆ 20 ನಿಮಿಷ ಸಾಕು. ಕೋಣೆಯ ಬಾಗಿಲು ಹಾಕಿಕೊಂಡು ಬೇಡ, ನಡುಮನೆಯಲ್ಲಿ, ಪಕ್ಕದಲ್ಲಿ ನೋಟ್‌ಬುಕ್ಕು ಇಟ್ಟುಕೊಂಡು. ಮನೆಯಲ್ಲಿ ಒಂದೇ ಫೋನಿದ್ದು ಮಗ, ಮಗಳು ಇಬ್ಬರೂ ಓದುತ್ತಿದ್ದರೆ ಇಬ್ಬರಿಗೂ ಸಮನಾದ ಸರದಿ ಇರಲಿ. ಫೋನು ಅಣ್ಣನದು, ಅಡುಗೆಮನೆ ತಂಗಿಯದು ಎಂದಾದರೆ ಯಾವ ತಂತ್ರಜ್ಞಾನವೂ ಅವಳನ್ನು ತಲುಪಲಾರದು.

ಕೊನೆಗೆ ವಿದ್ಯಾರ್ಥಿಗಳಿಗೊಂದು ಕೆಲಸ. ಈ ಭಾನುವಾರ ತೆರೆಯ ಮೇಲೆ ಯಾವುದಾದರೊಂದು ಚತುರ್ಭುಜ ಬರೆಯಿರಿ, ಎಷ್ಟು ಸೊಟ್ಟಗಿದ್ದರೂ ಸರಿ. ನಾಲ್ಕು ಬಾಹುಗಳ ಮಧ್ಯಬಿಂದುಗಳನ್ನು ಗುರುತಿಸಿ ಕ್ರಮವಾಗಿ ಸೇರಿಸಿ. ಒಳಗೆ ಮೂಡಿದ ಆಕೃತಿ ಯಾವುದು? ಹೊರಗಿನ ಮೂಲೆಗಳನ್ನು ಹಿಡಿದು ಬೇಕಾದಂತೆ ಎಳೆಯಿರಿ. ಒಳಗಿನದು ತನ್ನ ಗುಣವನ್ನು ಬಿಟ್ಟುಕೊಡುತ್ತದೆಯೆ? ಅದು ಆಯತವಾಗಬೇಕಾದರೆ ಹೊರಗಿನ ಚತುರ್ಭುಜದ ಕರ್ಣಗಳು ಹೇಗಿರಬೇಕು? ಚೌಕವಾಗಬೇಕಾದರೆ? ಕಂಡದ್ದನ್ನು ನೋಟ್‌ಬುಕ್ಕಿನಲ್ಲಿ ಸಾಧಿಸಿ, ಸೋಮವಾರ ನಿಮ್ಮ ಲೆಕ್ಕದ ಮೇಷ್ಟ್ರಿಗೆ ತೋರಿಸಿ. ಒಂಬತ್ತನೆಯ ತರಗತಿಯ ಮಧ್ಯಬಿಂದು ಪ್ರಮೇಯ ನೆನಪಿದ್ದರೆ ಸಾಕು. ಉತ್ತರವನ್ನು ಇಲ್ಲಿ ಕೊಡುವುದಿಲ್ಲ, ಫೋನನ್ನೂ ಕೇಳಬೇಡಿ.